ಯಾರನ್ನು ಯಾರು ನಡೆಸುತ್ತಾರೆ?

ಪ್ರೇರಣಾರ್ಥಕ ಕ್ರಿಯಾಪದಗಳನ್ನು ಅಭ್ಯಸಿಸುವ ವಿದ್ಯಾರ್ಥಿಗೆ ‘ನಡೆ’ ಎಂಬ ಧಾತು ತೀರ ಸುಲಭದ ಉದಾಹರಣೆ. ‘ಇಸು’ ಪ್ರತ್ಯಯ ಸೇರಿದರೆ ‘ನಡೆಯಿಸು’, ‘ನಡೆಸು’ ಎಂದಾಗುತ್ತದೆ. ನಡೆಯುವವರು ಒಬ್ಬರು, ನಡೆಯುವಂತೆ ಮಾಡುವವರು ಇನ್ನೊಬ್ಬರು. ‘ತಾಯಿ ಮಗುವನ್ನು ನಡೆಸಿದಳು’ ಎಂಬ ವಾಕ್ಯದಲ್ಲಿ ಪ್ರೇರಕರು ಯಾರು, ಪ್ರೇರಿತರು ಯಾರು ಎಂಬ ಬಗ್ಗೆ ಗೊಂದಲವಿಲ್ಲ. ಆದರೆ ‘ಯಜಮಾನನು ನಾಯಿಯನ್ನು ನಡೆಸಿದನು’ ಎಂಬ ವಾಕ್ಯವನ್ನು ಕೊಟ್ಟರೆ, ನಾಯಿ ಸಾಕಿರುವ ಮನೆಯಿಂದ ಬಂದ ವಿದ್ಯಾರ್ಥಿ ಒಂದು ಕ್ಷಣ ತಡೆಯಬೇಕಾಗುತ್ತದೆ. ಬೆಳಗಿನ ಐದೂವರೆಗೆ ಬಾಗಿಲನ್ನು ಕೆರೆದು, ಹೊದಿಕೆಯ ಅಂಚನ್ನು ಎಳೆದು, ಇನ್ನೂ ಅರ್ಧ ಗಂಟೆ ಮಲಗಬೇಕೆಂದಿದ್ದ ಯಜಮಾನನನ್ನು ಬೀದಿಗೆ ಹೊರಡಿಸಿದ್ದು ನಾಯಿ. ಹಗ್ಗದ ಒಂದು ತುದಿ ಮನುಷ್ಯನ ಕೈಯಲ್ಲಿದೆಯೆಂಬ ಕಾರಣಕ್ಕೆ ವ್ಯಾಕರಣ ಅವನನ್ನು ಕರ್ತೃವೆಂದಿದೆ. ನಡಿಗೆಯ ಪ್ರೇರಣೆ ಹುಟ್ಟಿದ್ದು ಮಾತ್ರ ಹಗ್ಗದ ಇನ್ನೊಂದು ತುದಿಯಲ್ಲಿ.

ನಾಯಿ ಸಾಕಿದವರು ಹೆಚ್ಚು ನಡೆಯುತ್ತಾರೆ ಎಂಬ ಮಾತನ್ನು ಇಂದು ವೈದ್ಯರೂ ಪತ್ರಿಕೆಗಳೂ ಮತ್ತೆ ಮತ್ತೆ ಹೇಳುತ್ತಿರುವುದುಂಟು. ಮಾತು ನಿಜ. ಆದರೆ ಅದು ಯಾವ ನಿಬಂಧನೆಯ ಮೇಲೆ ನಿಜ ಎಂಬುದನ್ನು ವಿಚಾರಿಸುವವರು ಕಡಿಮೆ. ಧರ್ಮಪುರಿ, ಸೇಲಂ ಸೀಮೆಯಲ್ಲಿ ನಾಯಿಯಿಲ್ಲದ ಊರಿಲ್ಲ. ತೋಟದ ಮನೆಗಳಲ್ಲಂತೂ ನಾಯಿಯಿಲ್ಲದ ಮನೆ ಅಪರೂಪ. ಹಾಗಿದ್ದೂ ಈ ಸೀಮೆಯ ಜನ ನಾಯಿಯ ದೆಸೆಯಿಂದ ಹೆಚ್ಚು ನಡೆಯುತ್ತಿದ್ದಾರೆಂದು ಹೇಳಲಾಗದು. ಏಕೆಂದರೆ ಇಲ್ಲಿ ಬಹುಪಾಲು ನಾಯಿಗಳು ನಡೆಯುತ್ತಿಲ್ಲ. ಅವು ಗೇಟಿಗೋ, ಮಾವಿನ ತೋಪಿನ ಮೋಟಾರು ಕೊಠಡಿಯ ಕಂಬಕ್ಕೋ ಕಟ್ಟಿಸಿಕೊಂಡಿವೆ. ಕಟ್ಟಿಹಾಕಿದ ನಾಯಿ ಯಾರನ್ನೂ ನಡೆಸದು.

ಮೊದಲು ಅಳತೆಯ ಮಾತು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು, ಬಿರುಸು ನಡಿಗೆಯಂತಹ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ 385 ಮನೆಗಳನ್ನು ಆಧರಿಸಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಪ್ರಮಾಣವನ್ನು ಮುಟ್ಟುವ ಸಂಭವ ನಾಯಿ ಸಾಕಿದವರಲ್ಲಿ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಅದೇ ದೇಶದ ನಾರ್ಫೋಕ್ ಪ್ರಾಂತ್ಯದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ನಡುವಯಸ್ಸಿನವರ ಮತ್ತು ಹಿರಿಯರ ಮೈಗೆ ಚಲನಮಾಪಕವನ್ನು ತೊಡಿಸಿ ನಡೆಸಿದ ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರ ಫಲಿತಾಂಶ ಇನ್ನೂ ಕುತೂಹಲಕರ. ಚಳಿ ಮಳೆ ಹಿಡಿದ ಕೆಟ್ಟ ದಿನಗಳಲ್ಲಿ ನಾಯಿಯೊಂದಿಗೆ ಹೊರಡುವವರ ಚಟುವಟಿಕೆಯು, ಬಿಸಿಲು ಹಿತವಾಗಿದ್ದ ಒಳ್ಳೆಯ ದಿನಗಳಲ್ಲಿ ನಾಯಿಯಿಲ್ಲದವರ ಚಟುವಟಿಕೆಗಿಂತಲೂ ಹೆಚ್ಚಾಗಿತ್ತು. ಮನುಷ್ಯ ತನ್ನ ಆರೋಗ್ಯಕ್ಕೆಂದು ಹೊರಡುವಾಗ ಮೋಡವನ್ನು ನೋಡುತ್ತಾನೆ. ನಾಯಿಗೆಂದು ಹೊರಡುವಾಗ ಕೊಡೆಯನ್ನು ಹುಡುಕುತ್ತಾನೆ.

ಭಾರತದ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ತಮಿಳುನಾಡೂ ಸೇರಿದಂತೆ ನಾಲ್ಕು ಪ್ರದೇಶಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಶೇ. 54.4ರಷ್ಟು ಜನ ದೈಹಿಕವಾಗಿ ನಿಷ್ಕ್ರಿಯರು. ಬಿಡುವಿನ ವೇಳೆಯಲ್ಲಿ ಆಟ, ನಡಿಗೆ, ವ್ಯಾಯಾಮಗಳಲ್ಲಿ ತೊಡಗುವವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಅದೇ ಮಂಡಳಿಯ ಆಶ್ರಯದ ಅಧ್ಯಯನವು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಮಿಗಿಲೆಂದು ಅಂದಾಜು ಮಾಡಿತು. ಈ ಎರಡು ಸಂಗತಿಗಳ ನಡುವಿನ ಸಂಬಂಧವನ್ನು ತಿಳಿಯಲು ಯಾರೂ ವೈದ್ಯರಾಗಬೇಕಿಲ್ಲ.

ನಾಯಿಯಿಂದ ನಡಿಗೆಯೋ, ನಡೆಯುವ ಸ್ವಭಾವದವರೇ ನಾಯಿ ಸಾಕುತ್ತಾರೋ ಎಂಬ ಪ್ರಶ್ನೆಯನ್ನು ಬದಿಗೊತ್ತುವಂತಿಲ್ಲ. ಎರಡೂ ಇರಬಹುದು. ಆದರೆ ಹಗ್ಗ ಹಿಡಿದು ಹೊರಡುವ ಕ್ರಿಯೆಯೊಳಗೆ ಒಂದು ವಿಶೇಷವಿದೆ. ತನಗಾಗಿ ಮಾಡಬೇಕಾದ ಕೆಲಸವನ್ನು ಮನುಷ್ಯ ಮುಂದೂಡುತ್ತಾನೆ. ಕಾದು ನಿಂತ ಇನ್ನೊಂದು ಜೀವಕ್ಕಾಗಿ ಮಾಡಬೇಕಾದುದನ್ನು ಮುಂದೂಡಲು ಸಂಕೋಚಪಡುತ್ತಾನೆ. ಕನ್ನಡ ಇದನ್ನು ಋಣವೆಂದು ಕರೆದಿದೆ. ಕೈಗಡಿಯಾರದೊಳಗಿನ ಹೆಜ್ಜೆ ಎಣಿಸುವ ಯಂತ್ರಕ್ಕೆ ಯಾರೂ ಋಣಿಯಲ್ಲ. ಅದು ಎರಡು ವಾರ ಎಣಿಸುತ್ತದೆ, ಆಮೇಲೆ ಮೇಜಿನ ಸೆಳೆಖಾನೆ ಸೇರುತ್ತದೆ.

ಈ ಋಣದ ಸಂಬಂಧ ಧರ್ಮಪುರಿಗೆ ಹೊಸದಲ್ಲ. ಧರ್ಮಪುರಿ, ಕೃಷ್ಣಗಿರಿ ಸೀಮೆಯ ಕುರುಬರಲ್ಲಿ ಹಲವರು ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ತಮಿಳನ್ನೂ ಆಡುವವರು. ಸೇಲಂ ಜಿಲ್ಲೆಯ ಮೇಚೇರಿಯ ಹೆಸರನ್ನೇ ಹೊತ್ತ ಕುರಿಯ ತಳಿ ಈ ಸೀಮೆಯದು. ಕುರಿಮಂದೆಯೊಂದಿಗೆ ಕುರುಬ ನಡೆದ, ಕುರುಬನೊಂದಿಗೆ ನಾಯಿ ನಡೆಯಿತು. ಕೊಯ್ಲು ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ ರಾತ್ರಿ ನಾಯಿ ಎಚ್ಚರವಿದ್ದುದರಿಂದ ಕುರುಬ ಮಲಗಿದ. ಇವರಲ್ಲಿ ಯಾರೂ ‘ವಾಕಿಂಗ್’ ಹೋದವರಲ್ಲ. ನಡಿಗೆಗೆ ಪ್ರತ್ಯೇಕ ಹೆಸರು ಬೇಕಾಗದಷ್ಟು ಅದು ಬದುಕಿನೊಳಗೆ ಬೆರೆತಿತ್ತು.

ಹೆಸರಿನ ಮಾತು ಬಂದುದರಿಂದ ಮೂರು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ನಡೆಯುವುದಕ್ಕಾಗಿಯೇ ನಡೆಯುವುದನ್ನು ತಮಿಳು ‘ನಡೈಪ್ಪಯಿರ್ಚಿ’ ಎನ್ನುತ್ತದೆ. ಅದು ಅಭ್ಯಾಸ, ಸಾಧನೆ. ಗ್ರಾಂಥಿಕ ಕನ್ನಡಕ್ಕೆ ಅದು ‘ವಾಯುವಿಹಾರ’. ನಡೆಯುವ ಕಾಲು ಆ ಪದದಲ್ಲಿ ಕಾಣುವುದೇ ಇಲ್ಲ, ಗಾಳಿಯಷ್ಟೇ ಇದೆ. ಮರಾಠಿಯ ‘ಫೇರಫಟಕಾ’ ಒಂದು ಸುತ್ತು ಹಾಕಿ ಬರುವ ಲಘುವಾದ ಮಾತು. ಉತ್ತರ ಕರ್ನಾಟಕದ ‘ಅಡ್ಡಾಡಿ ಬರುವುದು’ ಅದಕ್ಕೆ ಹತ್ತಿರದ್ದು. ನಾಯಿಯೊಂದಿಗಿನ ನಡಿಗೆಗೆ ಇವುಗಳಲ್ಲಿ ಯಾವುದು ಒಪ್ಪುತ್ತದೆ? ಸಾಧನೆಯ ಗಾಂಭೀರ್ಯ ಅದಕ್ಕಿಲ್ಲ. ಪ್ರತಿ ಕಂಬದ ಬುಡವನ್ನೂ ಮೂಸುತ್ತ, ಹಿಂದಿನ ದಿನ ಕಂಡ ಓತಿಕ್ಯಾತವನ್ನು ಮತ್ತೆ ಹುಡುಕುತ್ತ, ನಿಂತು ನಿಂತು ಸಾಗುವ ಅದು ಅಡ್ಡಾಟವೇ. ಆ ನಡಿಗೆ ಮುಂದುವರಿಯುವುದೂ ಅದೇ ಕಾರಣಕ್ಕೆ, ಅದು ವ್ಯಾಯಾಮವೆಂಬ ನೆನಪೇ ಇಲ್ಲದಿರುವುದರಿಂದ.

ಶಾಸನಗಳನ್ನು ಓದುವ ವಿದ್ಯಾರ್ಥಿಗೆ ಇಲ್ಲೊಂದು ಸಾಕ್ಷ್ಯವಿದೆ. ಕ್ರಿ.ಶ. 949ರ ತಕ್ಕೋಲ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಮೆಚ್ಚಿದ ಅರಸನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ, ಮಂಡ್ಯ ಸೀಮೆಯ ಆತಕೂರಿನಲ್ಲಿ ಅದಕ್ಕಾಗಿ ಕಲ್ಲು ನಿಂತಿತು. ಶಕವರ್ಷ 872ರ ಆ ಶಾಸನ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು 941ರ ಸುಮಾರಿಗೆ. ಒಂದು ದಶಕದೊಳಗೆ ಕನ್ನಡವು ಒಂದೆಡೆ ಅರಿಕೇಸರಿಯನ್ನು ಅರ್ಜುನನಾಗಿ ಕಂಡಿತು, ಇನ್ನೊಂದೆಡೆ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯಿತು.

ಧರ್ಮಪುರಿಯ ನೆರೆಯಲ್ಲೇ ಇದಕ್ಕಿಂತ ಹಳೆಯದೊಂದು ಕಲ್ಲಿದೆ. ಚೆಂಗಂ ಭಾಗದ ಎಡತ್ತನೂರಿನ ಆ ವೀರಗಲ್ಲು ಪಲ್ಲವ ಮಹೇಂದ್ರವರ್ಮನ ಕಾಲದ್ದು, ತಮಿಳಿನದು. ಕಾಳಗದಲ್ಲಿ ಮಡಿದ ವೀರನ ಜೊತೆಗೆ ಕೋವಿವನ್ ಎಂಬ ಅವನ ನಾಯಿಯ ಹೆಸರೂ ಅಲ್ಲಿದೆ. ಇಬ್ಬರು ಕಳ್ಳರನ್ನು ಕಚ್ಚಿ ನಿಂತ ನಾಯಿಯ ರೂಪವೂ ಇದೆ. ಭಾಷೆ ಬೇರೆ, ಅರಸು ಬೇರೆ, ನಡುವೆ ಮುನ್ನೂರು ವರ್ಷಗಳ ಅಂತರ. ಆದರೂ ಎರಡು ಕಲ್ಲುಗಳಿಗೂ ಸಮಾನವಾದ ಒಂದು ಅಂಶವಿದೆ. ಕಾಳಿಯಾಗಲಿ ಕೋವಿವನ್ ಆಗಲಿ ಕಂಬಕ್ಕೆ ಕಟ್ಟಿಸಿಕೊಂಡು ಬೊಗಳಿದ್ದಕ್ಕಾಗಿ ಸ್ಮರಣೆಗೆ ಬಂದ ನಾಯಿಗಳಲ್ಲ. ತಮ್ಮ ಒಡೆಯರು ಹೋದಲ್ಲಿಗೆ ಜೊತೆಯಲ್ಲಿ ಹೋದ ನಾಯಿಗಳು ಅವು.

ಸಾಹಿತ್ಯದಲ್ಲಿ ನಾಯಿಗೆ ಅಂತಹ ಗೌರವ ಸದಾ ದೊರೆಯಲಿಲ್ಲ. ‘ಸೊಣಗ’, ‘ಕುನ್ನಿ’ ಎಂಬ ಪದಗಳು ಹೀನತೆಯ ಹೋಲಿಕೆಗೇ ಹೆಚ್ಚಾಗಿ ಬಳಕೆಯಾದವು. ಭಾರತದ ಕಥೆಯಲ್ಲಿ ಬರುವ ಅತಿ ದೊಡ್ಡ ನಡಿಗೆ ಪಾಂಡವರ ಮಹಾಪ್ರಸ್ಥಾನ. ಆ ದಾರಿಯಲ್ಲಿ ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ನಾಯಿ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದು ಅವನು ಇಂದ್ರನಿಗೆ ಹೇಳಿದ. ಆದರೆ ಪಂಪನ ಕಾವ್ಯ ಅರ್ಜುನನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ, ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸುತ್ತಾನೆ. ಕನ್ನಡದ ಎರಡು ಮಹಾಭಾರತಗಳಲ್ಲಿ ನಾಯಿಗೆ ನಡೆಯಲು ದಾರಿಯೇ ಉಳಿಯಲಿಲ್ಲ. ಉಳಿದ ಪರ್ವಗಳಿಗೆ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯವರೆಗೆ ಕಾಯಬೇಕಾಯಿತು.

ಆ ಕೊರತೆಯನ್ನು ಇಪ್ಪತ್ತನೆಯ ಶತಮಾನ ತುಂಬಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ಹೆಜ್ಜೆಯ ಜೊತೆ ಆರಂಭದಿಂದಲೇ ಹುಲಿಯನ ಹೆಜ್ಜೆಯಿದೆ. ಹುಲಿಯ ತುಂಗೆಯ ಪ್ರವಾಹದ ಪಾಲಾಗುವ ಪ್ರಸಂಗವನ್ನು ಓದಿ ಮರೆತವರಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’ಯಲ್ಲಿ ಕಿವಿ ಎಂಬ ನಾಯಿ ಮುಂದೆ ನುಗ್ಗದಿದ್ದರೆ ನಿರೂಪಕನು ಎಷ್ಟೋ ಪೊದೆಗಳ ಒಳಗನ್ನು ನೋಡುತ್ತಲೇ ಇರಲಿಲ್ಲ. ಇಲ್ಲಿ ಒಂದು ಎಚ್ಚರವೂ ಬೇಕು. ಗುತ್ತಿ ಹಲವು ಮೈಲಿ ನಡೆದದ್ದು ಆರೋಗ್ಯಕ್ಕಾಗಿ ಅಲ್ಲ. ಅವನು ಜೀತದಾಳು, ಒಡೆಯರು ಕಳಿಸಿದಲ್ಲಿಗೆ ಹೋಗಬೇಕಾದವನು. ಕುರುಬನ ನಡಿಗೆಯೂ ಹೊಟ್ಟೆಪಾಡಿನ ನಡಿಗೆ. ಕಾಲ್ನಡಿಗೆಯ ಹಳೆಯ ಬದುಕನ್ನು ಹಾಡಿ ಹೊಗಳುವವರು ಅದರೊಳಗಿನ ಬಳಲಿಕೆಯನ್ನು ಮರೆಯಬಾರದು. ದುಡಿಮೆಯಿಂದ ನಡಿಗೆ ಹೊರಟುಹೋದದ್ದು ಹಲವರ ಪಾಲಿಗೆ ಬಿಡುಗಡೆಯೇ. ಕಷ್ಟವೇನೆಂದರೆ, ಬಿಡುಗಡೆಯಾದ ಕಾಲುಗಳಿಗೆ ಬೇರೆ ಕೆಲಸ ಕೊಡಲಿಲ್ಲ. ಪೆನ್ನಾಗರದಲ್ಲಾಗಲಿ ಪಾಲಕ್ಕೋಡಿನಲ್ಲಾಗಲಿ ನೂರು ಹೆಜ್ಜೆ ದೂರದ ಅಂಗಡಿಗೂ ಇಂದು ದ್ವಿಚಕ್ರವಾಹನ ಹೊರಡುತ್ತದೆ. ಮಂದೆ ಕಾಯುತ್ತಿದ್ದವನ ಮಗ ಕಾರ್ಖಾನೆಯ ಪಾಳಿ ಮುಗಿಸಿ ವಾಹನದಲ್ಲಿ ಬಂದು, ಗೇಟಿಗೆ ಕಟ್ಟಿದ ನಾಯಿಯ ಮುಂದೆ ಅನ್ನ ಸುರಿದು ಒಳಗೆ ಹೋಗುತ್ತಾನೆ. ನಡೆಯಬೇಕಾದ ಎರಡು ಜೀವಗಳು ಒಂದೇ ಅಂಗಳದಲ್ಲಿವೆ, ಎರಡೂ ಕುಳಿತಿವೆ.

ಧರ್ಮಪುರಿಯ ಹತ್ತಿರದ ಅದಿಯಮಾನ್‌ಕೋಟೆಯ ಕಾಲಭೈರವನ ಗುಡಿಗೆ ಕೃಷ್ಣಪಕ್ಷದ ಅಷ್ಟಮಿಯಂದು ಜನ ಕಿಕ್ಕಿರಿದು ಬರುತ್ತಾರೆ. ಬೂದುಗುಂಬಳದಲ್ಲಿ ದೀಪ ಹಚ್ಚುತ್ತಾರೆ. ಭೈರವನ ವಾಹನ ನಾಯಿ. ಜೇಜುರಿಯ ಖಂಡೋಬನಿಗೂ ಕನ್ನಡ ನಾಡಿನ ಮೈಲಾರಲಿಂಗನಿಗೂ ನಾಯಿಯ ನಂಟಿದೆ. ಮರಾಠಿಯ ವಾಘ್ಯಾ, ಕನ್ನಡದ ವಗ್ಗಯ್ಯ ಇಬ್ಬರೂ ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಊರೂರು ತಿರುಗಿದವರು. ವಾಹನವೆಂದರೆ ಹೊತ್ತು ಚಲಿಸುವುದು. ಗುಡಿಯಲ್ಲಿ ಚಲನೆಯ ಸಂಕೇತವಾದ ಪ್ರಾಣಿಯನ್ನು ಮನೆಯಲ್ಲಿ ಹಗಲಿರುಳು ಮೂರು ಮೊಳ ಸರಪಳಿಯಲ್ಲಿ ನಿಲ್ಲಿಸುವುದು ಯಾವ ಭಕ್ತಿಗೂ ಒಪ್ಪತಕ್ಕದ್ದಲ್ಲ.

ಪೇಟೆಯ ಹೊಸ ಬಡಾವಣೆಗಳ ದೋಷ ಬೇರೆ ಬಗೆಯದು. ಅಲ್ಲಿ ನಾಯಿ ಪ್ರತಿಷ್ಠೆಯ ವಸ್ತು. ಶೀತದೇಶದ ದಟ್ಟ ತುಪ್ಪಳದ ತಳಿಯನ್ನು ತಂದು ಏಪ್ರಿಲ್ ತಿಂಗಳ ಸೇಲಂ ಬಿಸಿಲಿನಲ್ಲಿ ಏದುಸಿರು ಬಿಡಿಸುತ್ತಾರೆ. ಇಲ್ಲವೇ ಓಟಕ್ಕೆಂದೇ ಹುಟ್ಟಿದ ಮುಧೋಳ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿ ಇಡುತ್ತಾರೆ. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರು ಪಡೆದು, 2005ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ಆ ತಳಿಗೆ ಬೇಕಾದದ್ದು ಬಯಲು. ಹೊರಗೆ ಕರೆದೊಯ್ಯುವ ಕೆಲಸವನ್ನು ಸಂಬಳದ ಆಳಿಗೆ ಒಪ್ಪಿಸಿದ ಮನೆಗಳೂ ಉಂಟು. ಅಲ್ಲಿ ನಡಿಗೆಯ ಲಾಭ ಯಾರಿಗೆ ಸಲ್ಲುತ್ತದೆಂಬುದು ಸ್ಪಷ್ಟ. ನಾಯಿಯನ್ನು ವ್ಯಾಯಾಮದ ಉಪಕರಣವೆಂದು ಭಾವಿಸಿ ತರುವುದೂ ತಪ್ಪು. ಉಪಕರಣ ಬೇಸರ ತಂದಾಗ ಮೂಲೆ ಸೇರುತ್ತದೆ, ನಾಯಿ ಬೀದಿ ಸೇರುತ್ತದೆ.

ಬೀದಿನಾಯಿಗಳ ಭಯವಿರುವಾಗ ಈ ಉಪದೇಶವೇಕೆ ಎಂದು ಕೇಳುವವರಿದ್ದಾರೆ. ಆ ಆಕ್ಷೇಪ ನ್ಯಾಯವಾದದ್ದೇ. ಮುಂಜಾನೆ ಹಾಲಿಗೆ ಹೋಗುವ ಮಗುವಿಗೂ ಕೋಲೂರಿ ನಡೆಯುವ ಮುದುಕರಿಗೂ ನಾಯಿ ಹಿಂಡಿನ ಭಯ ಕಲ್ಪಿತವಲ್ಲ. ರೇಬೀಸ್ ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಕಚ್ಚಿದ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ತಡಮಾಡದೆ ಲಸಿಕೆ ಪಡೆಯುವುದೊಂದೇ ದಾರಿ. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಗಳದೆಂದು ಕೇಂದ್ರ ಸರ್ಕಾರದ 2023ರ ನಿಯಮಗಳು ಹೇಳುತ್ತವೆ. ಆ ಕೆಲಸವನ್ನು ಬಿಟ್ಟು ಉಳಿದೆಲ್ಲ ಮಾತಿಗೂ ಬೆಲೆ ಕಡಿಮೆ. ಆದರೆ ಇಂದಿನ ಬೀದಿನಾಯಿಗಳಲ್ಲಿ ಎಷ್ಟೋ ನಿನ್ನೆ ಯಾರದೋ ಮನೆಯ ಮರಿಗಳಾಗಿದ್ದವು ಎಂಬುದನ್ನೂ ಮರೆಯುವಂತಿಲ್ಲ. ಹೊಣೆಯರಿತು ಸಾಕುವವರು ಹೆಚ್ಚಿದಷ್ಟೂ ಬೀದಿಗೆ ಬೀಳುವ ನಾಯಿಗಳು ಕಡಿಮೆಯಾಗುತ್ತವೆ. ವರ್ಷಕ್ಕೊಮ್ಮೆ ಲಸಿಕೆ, ಬೀದಿಯಲ್ಲಿ ಹಗ್ಗ, ಗಲೀಜು ತೆಗೆಯಲು ಕೈಯಲ್ಲೊಂದು ಕಾಗದ, ಇವಿಷ್ಟಿಲ್ಲದ ನಡಿಗೆ ನೆರೆಹೊರೆಯವರಿಗೆ ಉಪದ್ರವ. ಹೊಗೇನಕಲ್ಲಿನ ಸುತ್ತಲಿನ ಕಾಡಂಚಿಗೆ ಹೋಗುವವರು ನಾಯಿಯನ್ನು ಮನೆಯಲ್ಲೇ ಬಿಡಬೇಕು. ಅಲ್ಲಿಯ ಜಿಂಕೆ ಮೊಲಗಳಿಗೆ ಅದು ಬೇಟೆಗಾರನೇ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಕೈಯ ಹಿಂಬದಿಯನ್ನು ಇಟ್ಟು ನೋಡಿ ಸುಡುವುದಾದರೆ ನಾಯಿಯ ಅಂಗಾಲೂ ಸುಡುತ್ತದೆಂದು ತಿಳಿದು, ಸೂರ್ಯೋದಯಕ್ಕೆ ಮುಂಚೆ ಹೊರಟು ಮರಳಬೇಕು.

ಇನ್ನೊಂದು ಲಾಭವನ್ನು ಅಧ್ಯಯನಗಳ ಅಂಕಿಗಳು ಹೇಳುವುದಿಲ್ಲ, ಸಣ್ಣ ಊರುಗಳ ಬೀದಿ ಹೇಳುತ್ತದೆ. ಕಾರಣವಿಲ್ಲದೆ ನಡೆಯುವವರನ್ನು ಸಣ್ಣ ಊರು ಸುಮ್ಮನೆ ಬಿಡುವುದಿಲ್ಲ. ಗೃಹಿಣಿಯೊಬ್ಬರು ಸಂಜೆ ಒಬ್ಬರೇ ಹೊರಟರೆ ‘ಎಲ್ಲಿಗಮ್ಮಾ, ಇಷ್ಟು ಹೊತ್ತಿನಲ್ಲಿ?’ ಎಂಬ ಪ್ರಶ್ನೆ ಮೂರು ಬಾಗಿಲುಗಳಿಂದ ಬರುತ್ತದೆ. ಅದೇ ಗೃಹಿಣಿಯ ಕೈಯಲ್ಲಿ ನಾಯಿಯ ಹಗ್ಗವಿದ್ದರೆ ಪ್ರಶ್ನೆ ಬದಲಾಗುತ್ತದೆ: ‘ಇದರ ಹೆಸರೇನಮ್ಮಾ?’ ಸಮರ್ಥನೆ ಕೇಳುತ್ತಿದ್ದ ಬೀದಿ ಮಾತಿಗೆ ಇಳಿಯುತ್ತದೆ. ನಿವೃತ್ತರಿಗೂ ಒಂಟಿಯಾಗಿ ಬದುಕುವ ಹಿರಿಯರಿಗೂ ಈ ಮಾತು ಸಲ್ಲುತ್ತದೆ. ನಾಯಿಯ ನೆಪದಲ್ಲಿ ದಿನಕ್ಕೆರಡು ಸಲ ಅವರ ಮುಖ ಊರಿಗೆ ಕಾಣಿಸುತ್ತದೆ; ಒಂದು ದಿನ ಕಾಣಿಸದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಧರ್ಮಪುರಿಯಂತಹ ಬಹುಭಾಷಿಕ ಪೇಟೆಯಲ್ಲಿ ಕನ್ನಡದ ಮನೆ, ತಮಿಳಿನ ಮನೆ, ತೆಲುಗಿನ ಮನೆಗಳ ನಡುವೆ ಪರಿಚಯ ಬೆಳೆಸಲು ನಾಯಿಗಿಂತ ನಿರುಪದ್ರವಿಯಾದ ಮಧ್ಯವರ್ತಿ ಸಿಗುವುದು ಕಷ್ಟ. ಕನ್ನಡಕ್ಕೆ ‘ನಾಯಿ’, ತಮಿಳಿಗೆ ‘ನಾಯ್’. ಮಾತು ಶುರುವಾಗಲು ಅನುವಾದಕರು ಬೇಕಿಲ್ಲ.

ಎಲ್ಲರೂ ನಾಯಿ ಸಾಕಬೇಕೆಂಬುದು ಈ ಲೇಖನದ ವಾದವಲ್ಲ. ವಿದ್ಯಾರ್ಥಿನಿಲಯದ ಕೋಣೆಯಲ್ಲಿ, ಬಾಡಿಗೆ ಮನೆಯಲ್ಲಿ, ತಿಂಗಳ ಕೊನೆಗೆ ಕೈ ಬರಿದಾಗುವ ಸಂಸಾರದಲ್ಲಿ ಅದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಸಾಕಿರುವವರ ಮೇಲೆ ಒಂದು ಕರ್ತವ್ಯವಿದೆ. ದಿನಕ್ಕೆ ಅರ್ಧ ಗಂಟೆ ಸರಪಳಿಯನ್ನು ಕಂಬದಿಂದ ಬಿಚ್ಚಿ ಸ್ವತಃ ತಮ್ಮ ಕೈಯಲ್ಲಿ ಹಿಡಿಯುವುದು ಆ ಕರ್ತವ್ಯ. ವಾರಕ್ಕೆ ಐದು ದಿನ ಹಾಗೆ ಮಾಡಿದರೆ ವಿಶ್ವ ಆರೋಗ್ಯ ಸಂಸ್ಥೆಯ 150 ನಿಮಿಷಗಳು ತುಂಬುತ್ತವೆ. ಬೆಳೆದ ಮಕ್ಕಳಿರುವ ಮನೆಯಲ್ಲಿ ಈ ಸರದಿಯನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಸಾಕಲಾಗದವರು ಪಕ್ಕದ ಮನೆಯ ವೃದ್ಧರ ನಾಯಿಯನ್ನು ಕೇಳಿ ಕರೆದೊಯ್ಯಬಹುದು. ಮೊಣಕಾಲು ನೋವಿನ ಅಜ್ಜಿ ಅದನ್ನು ಉಪಕಾರವೆಂದೇ ತಿಳಿಯುತ್ತಾರೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದರಲ್ಲಿ ಪಠ್ಯದ ಲಾಭವೂ ಇದೆ. ನೊಳಂಬರು ಆಳಿದ, ಕನ್ನಡ ಶಾಸನಗಳು ದೊರೆತ ಈ ಸೀಮೆಯ ವೀರಗಲ್ಲುಗಳಲ್ಲಿ ಹಲವು ಇನ್ನೂ ಹೊಲದ ಬದುಗಳಲ್ಲಿ, ಕೆರೆಯ ಏರಿಯಲ್ಲಿ, ಬೇವಿನ ಮರದ ಬುಡದಲ್ಲಿ ನಿಂತಿವೆ. ಬೈಕಿನ ವೇಗಕ್ಕೆ ಅವು ಬರಿಯ ಚಪ್ಪಡಿಗಳು. ಪ್ರತಿ ಕಲ್ಲಿನ ಮುಂದೆಯೂ ನಿಂತು ಮೂಸುವ ಜೊತೆಗಾರನೊಡನೆ ಹೊರಟವನಿಗೆ ಅವುಗಳ ಮೇಲಿನ ಕತ್ತಿ, ಗುರಾಣಿ, ದನಗಳ ಸಾಲು ಕಾಣಿಸುತ್ತದೆ. ವೀರನ ಕಾಲಿನ ಬಳಿ ಬಾಲ ಮೇಲೆತ್ತಿ ನಿಂತ ಸಣ್ಣದೊಂದು ಆಕೃತಿಯೂ ಕೆಲವೊಮ್ಮೆ ಕಾಣಿಸಬಹುದು. ಅದನ್ನು ಕಂಡವರು ಅಳತೆ ತೆಗೆದು, ಊರಿನ ಹೆಸರು ಬರೆದು, ಚಿತ್ರ ಹಿಡಿದು ವಿಭಾಗಕ್ಕೆ ತಂದುಕೊಟ್ಟರೆ ಮುಂದಿನ ವರ್ಷದ ಶಾಸನ ಪಾಠ ಪುಸ್ತಕದ ಹೊರಗಿನಿಂದ ಆರಂಭವಾದೀತು.